ಹುಕುಂ ಕೋರ್ಟಿನದು, ಜಾರಿ ಯಾರದು?

ನಮ್ಮ ಕಡೆ ಕೋರ್ಟಿನ ವಿಚಾರಣೆಗೆ ಈಗಲೂ ‘ಪೇಶಿ’ ಅನ್ನುತ್ತಾರೆ. ನಿಜಾಮನ ಅದಾಲತ್ತು ಹೋಗಿ ಏಳು ದಶಕ ದಾಟಿದರೂ ಅದರ ಮಾತು ಹೋಗಿಲ್ಲ. ಪೇಶಿ, ಮುದ್ದತ್ತು, ಹುಕುಂ, ಜಾರಿ. ಈ ನಾಲ್ಕು ಶಬ್ದಗಳಲ್ಲೇ ಕಲಬುರಗಿ ಸೀಮೆಯ ರೈತ ತನ್ನ ಹೊಲದ ದಾವೆಯ ಇಡೀ ಕತೆ ಹೇಳಿ ಮುಗಿಸಬಲ್ಲ. ಕೊನೆಯ ಎರಡರ ನಡುವಿನ ದೂರ ಎಷ್ಟೆಂಬುದು ದಾವೆ ಸೋತವನಿಗಿಂತ ಗೆದ್ದವನಿಗೇ ಹೆಚ್ಚು ಗೊತ್ತು. ಹುಕುಂ ಕೈಗೆ ಬಂದಿರುತ್ತದೆ. ಹೊಲ ಕೈಗೆ ಬರಬೇಕಾದರೆ ಜಾರಿ ಅರ್ಜಿಯನ್ನು ಬೇರೆಯೇ ಹಾಕಬೇಕು, ಅಮೀನ ಬರಬೇಕು, ಸರ್ವೆಯವರು ಬರಬೇಕು, ಎದುರಿನವ ಬಡಿಗೆ ಹಿಡಿದು ನಿಂತರೆ ಪೊಲೀಸರೂ ಬರಬೇಕು.

ಕಲಬುರಗಿ ನಗರಕ್ಕೆ ಹತ್ತಿಕೊಂಡಂತಿರುವ ತಾಜಸುಲ್ತಾನಪುರದಲ್ಲಿ ಪದವಿ ಮುಗಿಸಿ ನೇಮಕಾತಿಯ ಪ್ರಕಟಣೆಗೆ ಕಾಯುತ್ತ ಕೂತ ಹುಡುಗನೊಬ್ಬ ನನಗೆ ಹೇಳಿದ: “ಕಾಕಾ, ಈ ಎಮ್ಮೆಲ್ಲೆಗಳಿಂದ ಯಾನೂ ಆಗಂಗಿಲ್ರಿ. ಎಲ್ಲಾ ಹೈಕೋರ್ಟಿಗೇ ಒಪ್ಪಿಸಿಬಿಡಬೇಕ್ರಿ. ಜಡ್ಜ್ ಸಾಹೇಬರು ಒಂದ್ ಹುಕುಂ ಮಾಡಿದ್ರ ಮುಗೀತದ.” ನಮ್ಮ ಭಾಗದವರಿಗೆ ನೌಕರಿ, ಶಿಕ್ಷಣದಲ್ಲಿ ಮೀಸಲು ತಂದ ಸಂವಿಧಾನದ 371(ಜೆ) ವಿಧಿ ಬಂದು ಇಷ್ಟು ವರ್ಷವಾದರೂ ಇಲ್ಲಿನ ಹುದ್ದೆಗಳು ಖಾಲಿ ಬಿದ್ದಿವೆ ಎಂಬುದು ಅವನ ಸಂಕಟ. ಸಂಕಟ ನಿಜ. ಆದರೆ ಅವನು ಹೇಳಿದ ಮದ್ದು ಅವನೊಬ್ಬನದಲ್ಲ. ಪತ್ರಿಕೆಗಳ ಸಂಪಾದಕೀಯದಲ್ಲಿ, ನಿವೃತ್ತ ಅಧಿಕಾರಿಗಳ ಭಾಷಣದಲ್ಲಿ, ವಕೀಲರ ಸಂಘದ ಕೋಣೆಯಲ್ಲಿ, ಮದುವೆ ಮನೆಯ ಪಂಗತಿಯಲ್ಲಿ ಇದೇ ಮಾತು. ರಾಜಕಾರಣ ಕೆಟ್ಟಿದೆ, ಇನ್ನು ನ್ಯಾಯಾಂಗವೇ ದಿಕ್ಕು. ವಿದ್ಯಾವಂತರಲ್ಲಿ ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ಅಭಿಪ್ರಾಯ ಇನ್ನೊಂದಿಲ್ಲ. ಇದು ತಪ್ಪು ಎಂದು ನಾನು ನಂಬಿದ್ದೇನೆ. ಈ ತಪ್ಪಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ತೆರುವವರು ನಮ್ಮಂಥ ಹಿಂದುಳಿದ ಸೀಮೆಯವರೇ ಎಂದೂ ನಂಬಿದ್ದೇನೆ.

ಆ ಹುಡುಗ ಕೂತಿದ್ದ ಜಾಗವೇ ಅರ್ಧ ಉತ್ತರ ಹೇಳುವಂತಿತ್ತು. ತಾಜಸುಲ್ತಾನಪುರದಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆ ಇದೆ. ಬಂದೋಬಸ್ತಿಗೆ ವ್ಯಾನು ಹೊರಡುವುದು ಅಲ್ಲಿಂದ. ಹೈಕೋರ್ಟಿನ ಪೀಠ ಇರುವುದು ಕಲಬುರಗಿಯಲ್ಲಿ. ಖಜಾನೆಯ ಕೀಲಿ ಇರುವುದು ಬೆಂಗಳೂರಿನ ವಿಧಾನಸೌಧದಲ್ಲಿ. ಅಮೆರಿಕದ ಸಂವಿಧಾನದ ಪರವಾಗಿ 1788ರಲ್ಲಿ ಬರೆಯುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್, ನ್ಯಾಯಾಂಗದ ಕೈಯಲ್ಲಿ ಖಡ್ಗವೂ ಇಲ್ಲ ಥೈಲಿಯೂ ಇಲ್ಲ, ಇರುವುದು ವಿವೇಚನೆಯೊಂದೇ ಎಂಬರ್ಥದ ಮಾತು ಹೇಳಿದ್ದ. ನಮ್ಮ ನಕಾಶೆಯಲ್ಲಿ ಅದು ಕಣ್ಣಿಗೆ ಕಾಣುವಂತೆಯೇ ಇದೆ. ಪೀಠದ ಬಳಿ ಪಡೆ ಇಲ್ಲ, ಬಜೆಟ್ ಇಲ್ಲ, ನೇಮಕಾತಿ ವಿಭಾಗ ಇಲ್ಲ. ಅದನ್ನು ಕೊರತೆ ಎಂದು ತಿಳಿಯುವವರು, ಪಡೆ, ಥೈಲಿ, ತೀರ್ಪು ಮೂರೂ ಒಂದೇ ಕಡೆ ಇದ್ದ ಕಾಲವನ್ನು ಇದೇ ಸೀಮೆಯ ಅಜ್ಜಂದಿರು ಕಂಡಿದ್ದರು ಎಂಬುದನ್ನು ಮರೆಯಬಾರದು. ಆಗ ಕೊನೆಯ ಹುಕುಂ ನಿಜಾಮನ ಫರ್ಮಾನು. ಅದರ ಮೇಲೆ ಅಪೀಲು ಇರಲಿಲ್ಲ.

ಕಲಬುರಗಿಗೆ ಹೈಕೋರ್ಟ್ ಪೀಠ ಬಂದ ಬಗೆಯನ್ನೇ ಮೊದಲು ನೋಡೋಣ. ಕೋರ್ಟಿನ ಮಿತಿಯ ಬಗ್ಗೆ ಇದಕ್ಕಿಂತ ಹತ್ತಿರದ ಪಾಠ ನಮಗಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮವರು ಮೇಲ್ಮನವಿಗೆ ಹೈದರಾಬಾದಿಗೆ ಹೋಗುತ್ತಿದ್ದರು, ಇನ್ನೂರು ಚಿಲ್ಲರೆ ಕಿಲೋಮೀಟರ್. ಏಕೀಕರಣವಾಯಿತು, ಸಂಭ್ರಮಪಟ್ಟೆವು, ಹೈಕೋರ್ಟ್ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. ಕಮಲಾಪುರದ ಬಾಳೆ ಬೆಳೆಗಾರನೊಬ್ಬ ಜಮೀನಿನ ಅಪೀಲಿಗೆ ರಾತ್ರಿಯಿಡೀ ಪ್ರಯಾಣ ಮಾಡಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಪೇಶಿ ಮುಂದಕ್ಕೆ ಹೋಯಿತೆಂದು ಕೇಳಿಸಿಕೊಂಡು, ಅದೇ ರಾತ್ರಿ ಮರಳುವುದು ಅರ್ಧ ಶತಮಾನ ನಡೆಯಿತು. ಧಾರವಾಡ, ಕಲಬುರಗಿಗಳ ವಕೀಲರು ಕೋರ್ಟ್ ಬಹಿಷ್ಕರಿಸಿದರು, ಬೀದಿಗಿಳಿದರು. ಕೊನೆಗೆ ರಾಜ್ಯದ ವಕೀಲರ ಸಂಘಗಳ ಒಕ್ಕೂಟ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು: ಉತ್ತರ ಕರ್ನಾಟಕಕ್ಕೊಂದು ಪೀಠ ಕೊಡಿಸಿ.

2000ದಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿ ವಜಾ ಮಾಡಿತು. ಪೀಠ ಎಲ್ಲಿರಬೇಕೆಂಬುದು ಕೋರ್ಟಿನ ಆದೇಶದಿಂದ ತೀರ್ಮಾನವಾಗುವ ವಿಷಯವಲ್ಲ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯ, ಸರ್ಕಾರದ ಒಪ್ಪಿಗೆ ಇವುಗಳ ಮೂಲಕ ಆಗಬೇಕಾದದ್ದು ಎಂಬುದು ಅದರ ನಿಲುವು. ಅಂದು ನಮ್ಮಲ್ಲಿ ಅನೇಕರಿಗೆ ಅದು ಬಾಗಿಲು ಮುಚ್ಚಿದಂತೆ ಕಂಡಿತು. ಈಗ ಹಿಂತಿರುಗಿ ನೋಡಿದರೆ ಆ ತೀರ್ಪಿನಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ತನ್ನದೇ ಮನೆಯ ವಿಷಯದಲ್ಲೂ ದೇಶದ ಅತ್ಯುನ್ನತ ನ್ಯಾಯಾಲಯ ‘ಇದು ನಾನು ಹುಕುಂ ಮಾಡಿ ಕೊಡುವ ವಸ್ತುವಲ್ಲ’ ಎಂದಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಮಿನಲ್ಲಿ ದಾರಿ ಮೊದಲಿನಿಂದಲೂ ಇತ್ತು. ರಾಜ್ಯಪಾಲರ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿ ಬೇರೆ ಊರಿನಲ್ಲಿ ಕಲಾಪ ನಡೆಸಬಹುದು. ರಾಷ್ಟ್ರಪತಿ ಕಾಯಂ ಪೀಠ ಸ್ಥಾಪಿಸಬಹುದು. ಹೋರಾಟ ಆ ದಾರಿಗೇ ತಿರುಗಿತು. ಸರ್ಕಾರ ಜಾಗ ಕೊಟ್ಟಿತು, ಹಣ ಕೊಟ್ಟಿತು. 2008ರ ಜುಲೈನಲ್ಲಿ ಧಾರವಾಡದಲ್ಲೂ ಕಲಬುರಗಿಯಲ್ಲೂ ಸಂಚಾರಿ ಪೀಠಗಳು ಆರಂಭವಾದವು, 2013ರ ಆಗಸ್ಟಿನಲ್ಲಿ ಕಾಯಂ ಆದವು. ಇಂದು ಅದೇ ಪೀಠದ ಕಡೆ ಕೈ ತೋರಿಸಿ “ಎಲ್ಲಾ ಇಲ್ಲೇ ತೀರ್ಮಾನ ಆಗ್ಲಿ” ಎನ್ನುವ ಹುಡುಗನಿಗೆ ನಾನು ಹೇಳಬೇಕಾದದ್ದು ಇಷ್ಟೇ: ಈ ಪೀಠವನ್ನೇ ಯಾವ ಕೋರ್ಟೂ ಕೊಡಲಿಲ್ಲ.

371(ಜೆ)ಯ ಕತೆಯೂ ಅದೇ. ಆರು ಜಿಲ್ಲೆಗಳು, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ (ಈಗ ವಿಜಯನಗರ ಸೇರಿ ಏಳು), ಹಿಂದುಳಿದಿವೆ ಎಂಬುದಕ್ಕೆ ಕೋರ್ಟಿನ ಸಾಕ್ಷ್ಯ ಬೇಕಾಗಿರಲಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕು ಲೆಕ್ಕ ಹಾಕಿ, ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇವೆ ಎಂದು ತೋರಿಸಿತ್ತು. ಆ ವರದಿಯನ್ನು ಎದೆಗೊತ್ತಿಕೊಂಡು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಧರಣಿ ಕೂತರು. ಪಕ್ಷ ಪಕ್ಷಗಳ ನಡುವೆ ಚೌಕಾಸಿ ನಡೆಯಿತು. ದಿಲ್ಲಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ಕೈ ಗಟ್ಟಿಯಿದ್ದ ಕಾಲ ಕೂಡಿಬಂತು. 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ವಿಧಿಯನ್ನು ಸೇರಿಸುವ ಸಂವಿಧಾನದ 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಸ್ಥಳೀಯರಿಗೆ ಡಿ ಗುಂಪಿನ ಹುದ್ದೆಗಳಲ್ಲಿ ಶೇ 85, ಸಿ ಗುಂಪಿನಲ್ಲಿ ಶೇ 80, ಅದಕ್ಕಿಂತ ಮೇಲಿನವುಗಳಲ್ಲಿ ಶೇ 75 ಎಂಬ ಅಂಕಿಗಳು ಬಂದವು. ಈ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾದವು. 85 ಏಕೆ, 80 ಏಕಾಗಬಾರದು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ. ಅದು ಮಾತುಕತೆಯಲ್ಲಿ, ಕೊಟ್ಟು ತೆಗೆದುಕೊಳ್ಳುವುದರಲ್ಲಿ, ಮತ ಕೇಳಲು ಬಂದವನನ್ನು ತಡೆದು ಕೇಳುವುದರಲ್ಲಿ ಹುಟ್ಟುವ ಅಂಕಿ. ನ್ಯಾಯಮೂರ್ತಿ ಎಷ್ಟೇ ದೊಡ್ಡ ವಿದ್ವಾಂಸರಾದರೂ ಆ ಅಂಕಿಯನ್ನು ತಮ್ಮ ಪೀಠದಲ್ಲಿ ಕೂತು ಹುಟ್ಟಿಸಲಾರರು. ಹುಟ್ಟಿಸಬಾರದು ಕೂಡ.

ನಮ್ಮ 98ನೇ ತಿದ್ದುಪಡಿಯ ಎರಡೂ ಪಕ್ಕದಲ್ಲಿ ಏನಿದೆ ನೋಡಿ. 97ನೆಯದು ಸಹಕಾರ ಸಂಘಗಳ ಕುರಿತದ್ದು. ಸಹಕಾರ ರಾಜ್ಯಗಳ ಪಟ್ಟಿಯ ವಿಷಯವಾಗಿದ್ದರೂ ಕನಿಷ್ಠ ಅರ್ಧದಷ್ಟು ರಾಜ್ಯಗಳ ಅನುಮೋದನೆಯನ್ನು ಪಡೆದಿರಲಿಲ್ಲ ಎಂಬ ಕಾರಣಕ್ಕೆ ರಾಜ್ಯಗಳ ಸಹಕಾರ ಸಂಘಗಳಿಗೆ ಸಂಬಂಧಿಸಿದ ಅದರ ಭಾಗವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತೆಗೆದುಹಾಕಿತು. 99ನೆಯದು ನ್ಯಾಯಮೂರ್ತಿಗಳ ನೇಮಕಾತಿ ಆಯೋಗದ್ದು. 2015ರ ಅಕ್ಟೋಬರ್ 16ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಪೂರ್ತಿ ರದ್ದು ಮಾಡಿದರು. ಚೆಲಮೇಶ್ವರ್ ಒಬ್ಬರೇ ಒಪ್ಪಲಿಲ್ಲ. ಮೂರು ತಿದ್ದುಪಡಿ, ಮೂರು ಗತಿ. ಮೊದಲನೆಯದರಲ್ಲಿ ಕೋರ್ಟ್ ಮಾಡಿದ್ದು ಸರಿ ಎಂದು ನನಗೆ ಅನ್ನಿಸುತ್ತದೆ: ರಾಜ್ಯಗಳನ್ನು ಕೇಳದೆ ಅವುಗಳ ಹಕ್ಕಿಗೆ ಕೈ ಹಾಕಿದಾಗ ‘ಕೇಳಿಕೊಂಡು ಬಾ’ ಎನ್ನುವುದೇ ನ್ಯಾಯಾಲಯದ ಕೆಲಸ. ಮೂರನೆಯದು ನನ್ನನ್ನು ಈಗಲೂ ಕಾಡುತ್ತದೆ. ಸರ್ಕಾರದ ಕೈ ನೇಮಕಾತಿಯಲ್ಲಿ ಬಲವಾದರೆ ಏನಾಗುತ್ತದೆಂಬುದಕ್ಕೆ ನಮ್ಮವರೇ ಆದ ಕೌಡೂರಿನ ಕೆ.ಎಸ್. ಹೆಗ್ಡೆಯವರಿಗಾದದ್ದೇ ಸಾಕ್ಷಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದ ಏಳು ಜನರಲ್ಲಿ ಅವರೊಬ್ಬರು. ಮರುದಿನವೇ ಅವರನ್ನೂ ಇನ್ನಿಬ್ಬರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆ ರಾಜೀನಾಮೆ ಕೊಟ್ಟು ಬಂದರು, ಮುಂದೆ ಜನರಿಂದ ಆರಿಸಿಬಂದು ಲೋಕಸಭೆಯ ಸ್ಪೀಕರ್ ಆದರು. ಆದ್ದರಿಂದ ಆಯೋಗವನ್ನು ಕಂಡು ನ್ಯಾಯಮೂರ್ತಿಗಳು ಹೆದರಿದ್ದಕ್ಕೆ ಅರ್ಥವಿದೆ. ಆದರೆ ತಮ್ಮನ್ನು ಯಾರು ನೇಮಿಸಬೇಕೆಂಬ ವ್ಯಾಜ್ಯದಲ್ಲಿ ತಾವೇ ತೀರ್ಪುಗಾರರಾದದ್ದಕ್ಕೆ ಆ ಹೆದರಿಕೆಯೊಂದೇ ಸಮರ್ಥನೆಯಾಗದು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ಮುಂಗಂಡಿದ್ದರು. ಮುಖ್ಯ ನ್ಯಾಯಮೂರ್ತಿಯೂ ನಮ್ಮೆಲ್ಲರಂತೆ ದೌರ್ಬಲ್ಯಗಳಿರುವ ಮನುಷ್ಯ, ನೇಮಕಾತಿಯಲ್ಲಿ ಅವರ ಮಾತೇ ಕೊನೆಯದಾಗಬಾರದು ಎಂಬುದು ಅವರ ವಾದವಾಗಿತ್ತು.

‘ಹಾಗಾದರೆ ಬೊಮ್ಮಾಯಿ ಪ್ರಕರಣಕ್ಕೆ ಏನನ್ನುತ್ತೀರಿ? ಅಂದು ಪ್ರಜಾಪ್ರಭುತ್ವ ಉಳಿಸಿದ್ದು ಕೋರ್ಟೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆ. 1989ರ ಏಪ್ರಿಲಿನಲ್ಲಿ ಶಾಸಕ ಮೊಳಕೇರಿ ಹತ್ತೊಂಬತ್ತು ಪತ್ರಗಳ ಕಟ್ಟು ಹಿಡಿದು ರಾಜಭವನಕ್ಕೆ ಹೋದರು. ಬೆಂಬಲ ಹಿಂತೆಗೆದುಕೊಂಡವರೆನ್ನಲಾದ ಶಾಸಕರಲ್ಲಿ ಏಳು ಮಂದಿ ಒಂದೆರಡು ದಿನದಲ್ಲೇ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲ ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಹೈಕೋರ್ಟ್ ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ಅದೇ ವರ್ಷದ ಕೊನೆಗೆ ಚುನಾವಣೆ ನಡೆದು, ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು ಭಾರಿ ಬಹುಮತದಿಂದ ಮುಖ್ಯಮಂತ್ರಿಯಾದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ವಜಾ ಮಾಡಿದ್ದು ಸಂವಿಧಾನಬಾಹಿರ ಎಂದು ಹೇಳುವ ಹೊತ್ತಿಗೆ ಐದು ವರ್ಷ ಆಗುತ್ತ ಬಂದಿತ್ತು. ಬೊಮ್ಮಾಯಿಯವರಿಗೆ ಖುರ್ಚಿ ಮರಳಲಿಲ್ಲ. ಮರಳಿಸುವ ಶಕ್ತಿ ಯಾವ ಕೋರ್ಟಿಗೂ ಇರಲಿಲ್ಲ, ನಡುವೆ ಮತದಾರ ತನ್ನ ತೀರ್ಪು ಕೊಟ್ಟಾಗಿತ್ತು.

ಆದರೂ ಆ ತೀರ್ಪು ದೊಡ್ಡದು. ಏಕೆ ದೊಡ್ಡದು ಎಂಬಲ್ಲಿ ನಮ್ಮ ಸಂಪಾದಕೀಯಗಳು ಎಡವುತ್ತವೆ. ನ್ಯಾಯಮೂರ್ತಿಗಳು ಶಾಸಕರನ್ನು ಕರೆಸಿ ತಲೆ ಎಣಿಸಲಿಲ್ಲ. ತಲೆ ಎಣಿಸುವ ಜಾಗ ರಾಜಭವನದ ದಿವಾನಖಾನೆ ಅಲ್ಲ, ಸದನ ಎಂದರು. ಅಷ್ಟೇ. 2018ರ ಮೇ ತಿಂಗಳಲ್ಲಿ ಮಧ್ಯರಾತ್ರಿ ದಾಟಿ ಕೂತ ಮೂವರು ನ್ಯಾಯಮೂರ್ತಿಗಳು ಯಡಿಯೂರಪ್ಪನವರ ಪ್ರಮಾಣ ವಚನವನ್ನು ತಡೆಯಲಿಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಕೊಟ್ಟಿದ್ದ ಹದಿನೈದು ದಿನವನ್ನು ಮಾತ್ರ ಆಮೇಲಿನ ವಿಚಾರಣೆಯಲ್ಲಿ ಮೊಟಕುಗೊಳಿಸಿ, ಮೇ 19ರ ಸಂಜೆ 4ಕ್ಕೆ ಸದನದಲ್ಲೇ ಬಹುಮತ ತೋರಿಸಿ ಎಂದರು. ತೀರ್ಮಾನ ಎಲ್ಲಿ ಆಗಬೇಕೋ ಅಲ್ಲಿಗೆ ಅದನ್ನು ಎಳೆದು ತಂದು ನಿಲ್ಲಿಸಿದ್ದು ಎರಡೂ ಸಲ ಕೋರ್ಟ್ ಮಾಡಿದ ಕೆಲಸ. ಇದು ಸಣ್ಣ ಕೆಲಸವಲ್ಲ. ಸದನದ ಬದಲಿಗೆ ತಾನೇ ಕೂರುವುದು ಇದಲ್ಲ.

ನನ್ನ ವಾದಕ್ಕೆ ಅತಿ ಕಷ್ಟದ ಉದಾಹರಣೆ ಬಳ್ಳಾರಿ. ಅದನ್ನು ಮುಚ್ಚಿಡಲಾರೆ. ಚುನಾಯಿತ ಸರ್ಕಾರವೇ ಗಣಿ ಧಣಿಗಳ ಅಂಗೈಯಲ್ಲಿದ್ದಾಗ, ಕೆ.ಎಸ್. ಹೆಗ್ಡೆಯವರ ಮಗನೇ ಆದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ ಬೆನ್ನಿಗೆ, 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ತಂದ ಮೊಕದ್ದಮೆ ಅದು. ಅಂದು ಕೋರ್ಟ್ ‘ನಿಲ್ಲಿಸು’ ಎನ್ನದಿದ್ದರೆ ಸಂಡೂರಿನ ಗುಡ್ಡಗಳ ಗತಿ ಏನಾಗುತ್ತಿತ್ತೋ! ಆ ಹುಕುಮಿಗೆ ನಾನು ಕೈ ಮುಗಿಯುತ್ತೇನೆ. ನಿಲ್ಲಿಸಿದ ಮೇಲೆ? ಹಾಳಾದ ನೆಲ, ಕೆಂಪು ದೂಳು ತಿಂದ ಹಳ್ಳಿಗಳು ಮತ್ತೆ ಚೇತರಿಸಬೇಕೆಂದು ಅದಿರಿನ ಮಾರಾಟದಲ್ಲಿ ಪಾಲು ತೆಗೆದಿಟ್ಟು ನಿಧಿ ಕಟ್ಟಲಾಯಿತು. ಅದನ್ನು ಖರ್ಚು ಮಾಡಲು 2014ರಲ್ಲಿ ನಿಗಮವೂ ಬಂತು. ಹಣ ಸಾವಿರಾರು ಕೋಟಿ ಬೆಳೆಯಿತು, ಖರ್ಚಿಗೆ ಕೋರ್ಟಿನ ಒಪ್ಪಿಗೆ ಬೇಕಿತ್ತು, ವರ್ಷಗಳು ಉರುಳಿದವು. ಯೋಜನೆಗಳ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಿ ದಾರಿ ಬಿಟ್ಟದ್ದು 2022ರಲ್ಲಿ. ‘ಬೇಡ’ ಎನ್ನಲು ಒಂದು ದಿನ ಸಾಕಾಯಿತು. ‘ಮಾಡು’ ಎನ್ನುವುದು ಊರಿಗೆ ಮುಟ್ಟಲು ಹನ್ನೊಂದು ವರ್ಷವೂ ಸಾಲಲಿಲ್ಲ. ಇದರಲ್ಲಿ ನ್ಯಾಯಮೂರ್ತಿಗಳ ಸೋಮಾರಿತನವಿಲ್ಲ. ಯಾವ ಊರಿಗೆ ಆಸ್ಪತ್ರೆ, ಯಾವುದಕ್ಕೆ ಕುಡಿಯುವ ನೀರು, ಯಾವುದು ಮೊದಲು ಎಂದು ಆರಿಸುವುದಕ್ಕೆ ಕೋರ್ಟಿನ ಕಟ್ಟಡ ಹೇಳಿ ಮಾಡಿಸಿದ್ದಲ್ಲ.

ಇನ್ನು ‘ಕೊನೆಯ ಆಸರೆ’ ಎಂಬ ಮಾತು. 1976ರ ಏಪ್ರಿಲ್ 28ರಂದು ಆ ಆಸರೆ ಏನಾಯಿತು? ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ ಕೇಳಿಸಿಕೊಂಡಿತ್ತು. ಇನ್ನೂ ಹಲವು ಹೈಕೋರ್ಟುಗಳು ಧೈರ್ಯ ತೋರಿಸಿದ್ದವು. ಸುಪ್ರೀಂ ಕೋರ್ಟ್ ಮಾತ್ರ, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿಲ್ಲ ಎಂದಿತು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು, ಮುಖ್ಯ ನ್ಯಾಯಮೂರ್ತಿಯ ಸ್ಥಾನ ಕಳೆದುಕೊಂಡರು. ಆ ತಪ್ಪನ್ನು ತಿದ್ದಿದ್ದು ಯಾರು? 1977ರ ಮತಪೆಟ್ಟಿಗೆ. ಆಮೇಲೆ ಬಂದ ಸಂಸತ್ತಿನ 44ನೇ ತಿದ್ದುಪಡಿ. ಕೋರ್ಟ್ ತನ್ನ ತೀರ್ಪು ತಪ್ಪೆಂದು ತಾನೇ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಖಾಸಗಿತನದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ.

ಕನ್ನಡಿಗರಿಗೆ ಇನ್ನೊಂದು ಗಾಯವಿದೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೇ ಕಲಿಕೆ ಎಂಬ ರಾಜ್ಯದ 1994ರ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸಂವಿಧಾನ ಪೀಠ ಹೇಳಿತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವ ಹಕ್ಕು ತಂದೆ ತಾಯಿಯದು ಎಂದಿತು. ನನಗೆ ಅಂದು ಆದ ನೋವು ಇನ್ನೂ ಆರಿಲ್ಲ. ಒಂದು ನಾಡು ತನ್ನ ಮಕ್ಕಳಿಗೆ ಯಾವ ಭಾಷೆಯಲ್ಲಿ ಅಕ್ಷರ ಕಲಿಸಬೇಕೆಂಬುದು ಆ ನಾಡಿನ ಶಾಸನಸಭೆ ತೀರ್ಮಾನಿಸಬೇಕಾದ ವಿಷಯ ಎಂದು ನಮ್ಮವರೆಲ್ಲ ಬರೆದರು, ಮಾತನಾಡಿದರು. ಸರಿಯಾಗಿಯೇ ಹೇಳಿದರು. ಅದೇ ಬಾಯಿಂದ ‘ಹುದ್ದೆ ತುಂಬುವುದು, ರಸ್ತೆ ಮಾಡುವುದು, ಬಜೆಟ್ ಹಂಚುವುದು ಎಲ್ಲವೂ ಕೋರ್ಟಿನ ಕೈಗೆ ಹೋಗಲಿ’ ಎಂದರೆ ಹೇಗೆ? ಇಷ್ಟವಾದ ದಿನ ರಾಜ, ಇಷ್ಟವಾಗದ ದಿನ ಅತಿಕ್ರಮಣಕಾರ ಎಂಬ ಅಳತೆಯಿಂದ ಗಣರಾಜ್ಯ ನಡೆಯದು.

ಕೋರ್ಟಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅರ್ಹನನ್ನು ಬಿಟ್ಟು ಅನರ್ಹನಿಗೆ ನೌಕರಿ ಕೊಟ್ಟರೆ, 371(ಜೆ) ಪ್ರಮಾಣಪತ್ರವನ್ನು ಸುಮ್ಮನೆ ತಿರಸ್ಕರಿಸಿದರೆ, ಯಾರನ್ನಾದರೂ ಕಾನೂನು ಮೀರಿ ಠಾಣೆಯಲ್ಲಿ ಕೂಡಿಹಾಕಿದರೆ ಆ ಕ್ಷಣವೇ ಹೋಗಬೇಕು. ಅಲ್ಲಿ ನ್ಯಾಯಮೂರ್ತಿ ಹಿಂಜರಿಯಬಾರದು, ಸರ್ಕಾರಕ್ಕೆ ಮುದ್ದತ್ತಿನ ಮೇಲೆ ಮುದ್ದತ್ತು ಕೊಡಬಾರದು. ಒಬ್ಬನ ಹಕ್ಕು ಬೇರೆ, ಒಂದು ಸೀಮೆಯ ಆಡಳಿತ ಬೇರೆ. ಖಾಲಿ ಹುದ್ದೆಗಳ ಬಗ್ಗೆ ರಿಟ್ ಹಾಕಿ ಬಂದವರನ್ನು ಕೇಳಿ ನೋಡಿ. ಬಹಳ ಸಲ ಸಿಗುವುದು ‘ಅರ್ಜಿದಾರರ ಮನವಿಯನ್ನು ಕಾನೂನಿನಂತೆ ಪರಿಗಣಿಸಿ’ ಎಂಬ ನಿರ್ದೇಶನ. ಅದರ ದೃಢೀಕೃತ ನಕಲು ಹಿಡಿದು ಅವರು ಹೋಗಬೇಕಾದದ್ದು ಮೊದಲು ಹೋಗಿ ಬಂದ ಅದೇ ಕಚೇರಿಗೆ, ಅದೇ ಟೇಬಲ್ಲಿಗೆ.

ಆ ಹುಡುಗನ ಫೋನಿನಲ್ಲೇ 371(ಜೆ) ವಿಧಿಯನ್ನು ತೆಗೆಸಿ ಓದಿಸಿದೆ. ಮೊದಲ ಉಪಖಂಡದಲ್ಲೇ ಇದೆ: ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಮತ್ತು ಅದರ ಕೆಲಸದ ವರದಿಯನ್ನು ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಇಡಬೇಕು. ಹೈಕೋರ್ಟಿನ ಮುಂದೆ ಎಂದಿಲ್ಲ, ವಿಧಾನಸಭೆಯ ಮುಂದೆ ಎಂದಿದೆ. ಆ ಮಂಡಳಿಗೆ ಈಗ ವರ್ಷಕ್ಕೆ ₹5,000 ಕೋಟಿ ಎಂದು ಬಜೆಟ್ಟಿನಲ್ಲಿ ಘೋಷಿಸುತ್ತಾರೆ. ಏಳು ಜಿಲ್ಲೆಗಳಿಂದ 41 ಶಾಸಕರು ಆ ಸದನದಲ್ಲಿ ಕೂರುತ್ತಾರೆ. ನಿಮ್ಮ ಶಾಸಕರು ಆ ವರದಿಯ ಮೇಲೆ ಯಾವತ್ತಾದರೂ ಎದ್ದು ನಿಂತು ಮಾತಾಡಿದ್ದು ಕೇಳಿದ್ದೀಯೇನಪ್ಪ, ಎಂದೆ.

“ಅಂಥದ್ದೊಂದ್ ವರದಿ ಅದಾ ಏನ್ರಿ ಕಾಕಾ?” ಎಂದ. ಸ್ವಲ್ಪ ಹೊತ್ತು ಫೋನು ನೋಡಿ, ತಲೆಯೆತ್ತಿ ಮತ್ತೆ ಕೇಳಿದ: “ಅದು ಎಲ್ಲಿ ಸಿಗ್ತದ್ರಿ?”